ಎಡಗಿವಿಯ ಹಾಡು

ಲೋಕಣ್ಣನ ಎಡಗಿವಿಯಲ್ಲಿ ಸದಾ ಒಂದು ಇಯರ್‌ಫೋನ್ ಇರುತ್ತಿತ್ತು. ಅದರ ಜೋಡಿ ಅಂಗಿಯ ಎರಡನೇ ಗುಂಡಿಯ ಹತ್ತಿರ ಜೋತಾಡುತ್ತಿತ್ತು. ಅದನ್ನು ಬಲಗಿವಿಗೆ ಹಾಕಿಕೊಂಡದ್ದನ್ನು ನಾನು ಒಂದು ದಿನವೂ ನೋಡಿಲ್ಲ. "ಎಡಗಿವಿ ನಂದು, ಬಲಗಿವಿ ಆನೇದು ಕಣ್ರೀ ಮೇಡಂ" ಎನ್ನುತ್ತಿದ್ದ. ಇದನ್ನು ಮೊದಲೇ ಹೇಳಿಬಿಡಬೇಕು. ಯಾಕೆಂದರೆ ಮಗ್ಗೆಯಿಂದ ಆಲೂರಿನವರೆಗೆ ಈಗ ಎಲ್ಲರ ಬಾಯಲ್ಲೂ ಬೇರೆಯೇ ಮಾತು ಓಡಾಡುತ್ತಿದೆ. ಎರಡೂ ಕಿವಿಗೆ ಹಾಡು ತುರುಕಿಕೊಂಡಿದ್ದನಂತೆ, ಆನೆ ಬಂದದ್ದೇ ಕೇಳಿಸಲಿಲ್ಲವಂತೆ, ಹೋಗ್ಬುಟ್ಟನಂತೆ. ಹಾಗೆ ಹೇಳುವವರು ಯಾರೂ ಅಲ್ಲಿರಲಿಲ್ಲ. ಅಲ್ಲಿದ್ದವಳು ನಾನೊಬ್ಬಳು.

ನಾನು ಆಲೂರಿನ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ಮನೆ ಮಗ್ಗೆಯ ಆಚೆ, ದಿನಾ ಸ್ಕೂಟರಿನಲ್ಲಿ ಓಡಾಟ. ದಾರಿಯ ಎರಡೂ ಕಡೆ ಕಾಫಿ ತೋಟ, ನಡುವೆ ಅಲ್ಲಲ್ಲಿ ಗದ್ದೆ. ಆನೆ ಯಾವ ಬೇಲಿಯಿಂದ ಯಾವ ಹೊತ್ತಿನಲ್ಲಿ ಇಳಿಯುತ್ತದೆ ಎಂದು ಹೇಳಲಾಗದು. ಆನೆಗಳ ಹಿಂದೆ ಹಿಂದೆಯೇ ನಡೆದು, ಅವು ಎಲ್ಲಿವೆ ಎಂದು ಊರವರಿಗೆ ತಿಳಿಸುವುದು ಲೋಕಣ್ಣನ ಕೆಲಸ. ನಮ್ಮ ಸುತ್ತಿನ ಹಳ್ಳಿಗಳಿಗೆಲ್ಲ ಸೇರಿ ಒಂದು ವಾಟ್ಸಾಪ್ ಗ್ರೂಪ್ ಇತ್ತು. ಬೆಳಿಗ್ಗೆ ನಾನು ಹಾಲು ಕಾಯಿಸುವ ಹೊತ್ತಿಗೆ ಅದರಲ್ಲಿ ಅವನ ಪಿಸುಧ್ವನಿ ಬರುತ್ತಿತ್ತು: "ಗುಂಪು ಕೆರೆ ಏರಿ ಮೇಲೈತೆ. ಮರಿ ಜೊತೇಲವೆ. ಯಾರೂ ಆ ಕಡೆ ಬರಬ್ಯಾಡಿ."

ಆನೆಗಳು ರಸ್ತೆ ದಾಟಿ ತೋಟದೊಳಗೆ ಸೇರಿ, ಇವನು ಬಯಲಿಗೆ ಬಂದ ಮೇಲೆ ಇನ್ನೊಂದು ಸಂದೇಶ ಬರುತ್ತಿತ್ತು. ಅದರಲ್ಲಿ ಮಾತಿರುತ್ತಿರಲಿಲ್ಲ, ಒಂದು ಹಾಡಿರುತ್ತಿತ್ತು. ಒಂದು ದಿನ ಹಳೆಯ ಕನ್ನಡದ ಪ್ರೇಮಗೀತೆ, ಮರುದಿನ ಇಂಗ್ಲೆಂಡಿನ ಯಾವನೋ ಹುಡುಗ ದಡದಡ ಮಾತಾಡಿಕೊಂಡೇ ಹಾಡುವ ಹಾಡು. ಕೆಳಗೆ ಅವನದೇ ಶಿಫಾರಸು: "ಸಂಕಟ ಇದ್ದೋರು ಕೇಳಿ." "ಇದು ಹೊಸದಾಗಿ ಮದ್ವೆ ಆದೋರಿಗೆ." "ಇದನ್ನ ಊಟ ಆದ್ಮೇಲೆ ಕೇಳಿ, ಹಸಿದ ಹೊಟ್ಟೇಲಿ ಕೇಳಿದ್ರೆ ಸಿಟ್ಟು ಬತ್ತದೆ."

ಇಂಗ್ಲೆಂಡಿನ ಹಾಡು ಮಗ್ಗೆಗೆ ಬಂದದ್ದು ಅವನ ಅಕ್ಕನಿಂದ. ಆಕೆ ನರ್ಸ್, ನಾಟಿಂಗ್‌ಹ್ಯಾಮ್‌ನಲ್ಲಿ ಸಂಸಾರ. ಮಗ ನಿಖಿಲ್ ಅಲ್ಲೇ ಬೆಳೆದವನು, ಕನ್ನಡ ಅಷ್ಟಕ್ಕಷ್ಟೆ. ಮಾವ ಲೋಕಣ್ಣನಿಗೆ ಅವನ ಇಂಗ್ಲಿಷ್ ಅರ್ಥವಾಗುತ್ತಿರಲಿಲ್ಲ. ಫೋನಿನಲ್ಲಿ "ಹೆಂಗಿದೀಯೋ" "ಚೆನ್ನಾಗಿದೀನಿ" ಆದ ಮೇಲೆ ಇಬ್ಬರಿಗೂ ಮಾತು ಮುಗಿದುಹೋಗುತ್ತಿತ್ತಂತೆ. ಆಮೇಲೆ ಇಬ್ಬರೂ ಹಾಡು ಕಳಿಸಿಕೊಳ್ಳಲು ಶುರುಮಾಡಿದರು. ಇಲ್ಲಿಂದ ಪ್ರೇಮಗೀತೆ ಹೋಗುತ್ತಿತ್ತು, ಅಲ್ಲಿಂದ ರ‍್ಯಾಪ್ ಬರುತ್ತಿತ್ತು. "ಈಗ ದಿನಾ ಮಾತಾಡ್ತೀವಿ ಮೇಡಂ" ಎಂದು ಲೋಕಣ್ಣ ನನಗೆ ಹೇಳಿದ್ದ.

ಹೆಸರುವಾಸಿಯಾದವರ ಹಾಡು ಅವನಿಗೆ ಸೇರುತ್ತಿರಲಿಲ್ಲ. "ಹೆಸರಾದೋರು ಕೂಗ್ತಾರೆ, ಹೆಸರಿಲ್ಲದೋರು ಹೇಳ್ತಾರೆ" ಎಂಬುದು ಅವನ ತೀರ್ಮಾನ. ಅಡುಗೆಮನೆಯಲ್ಲೋ ಮೆಟ್ಟಿಲ ಮೇಲೋ ಕೂತು ಹಾಡಿ ಯೂಟ್ಯೂಬಿಗೆ ಹಾಕಿದ ಹುಡುಗರೇ ಅವನಿಗೆ ಬೇಕು. ಅವರ ಹೆಸರು ಬಾಯಿಗೆ ಬರುತ್ತಿರಲಿಲ್ಲವಾದ್ದರಿಂದ ತಾನೇ ಹೆಸರಿಟ್ಟಿದ್ದ. ತಾಯಿ ಆಫೀಸುಗಳ ನೆಲ ಒರೆಸುವುದನ್ನು ಹೇಳುವವನು 'ಅಮ್ಮನ ಮಗ'. ಸದಾ ಕೆಮ್ಮಿಕೊಂಡು ಶುರುಮಾಡುವವನು 'ನೆಗಡಿ'. "ನೋಡಿ, ಇವನ ಹಾಡು ನೋಡಿದೋರು ಎಷ್ಟು ಕಮ್ಮಿ ಜನ" ಎಂದು ಫೋನ್ ತೋರಿಸಿ, "ಅದ್ರಲ್ಲಿ ಅರ್ಧ ನಮ್ಮ ಮಗ್ಗೆಯೋರೇ! ಆ ಹುಡ್ಗ ಅಲ್ಲಿ ಕೂತ್ಕಂಡು ಯಾರಪ್ಪಾ ಇವ್ರು ಅಂತ ತಲೆ ಕೆರ್ಕಂತಾ ಇರ್ತಾನೆ" ಎಂದು ನಗುತ್ತಿದ್ದ.

ಪ್ರೇಮಗೀತೆಗಳಲ್ಲೂ ಅವನದು ಕಟ್ಟುನಿಟ್ಟು. "ಪ್ರೀತಿ ಹಾಡಲ್ಲಿ ಮಳೆ ಬಂತು ಅಂದ್ರೆ ಆಫ್ ಮಾಡ್ಬುಡ್ತೀನಿ. ಮಳೆ ಬಂದ್ರೆ ಕಣದಲ್ಲಿರೋ ಕಾಫಿ ಒಣಗಲ್ಲ. ಎಲ್ಲಾರೂ ಟಾರ್ಪಾಲ್ ಹಿಡ್ಕಂಡು ಓಡ್ತಿರ್ತಾರೆ, ಪ್ರೀತಿ ಎಲ್ಲಿ ಬತ್ತದೆ?"

ನಮ್ಮ ಪಕ್ಕದ ತೋಟದ ಮಲ್ಲೇಗೌಡರಿಗೆ ಈ ಹಾಡುಗಳನ್ನು ಕಂಡರೆ ಉರಿ. ಒಮ್ಮೆ ಅವರೇ ಗ್ರೂಪಿನಲ್ಲಿ ಗುಡುಗಿದರು: "ಲೋ ಲೋಕಿ, ಆನೆ ಎಲ್ಲೈತೆ ಹೇಳೋ ಅಂದ್ರೆ ಬೈಗುಳದ ಹಾಡು ಕಳಿಸ್ತೀಯಲ್ಲೋ ಮಾರಾಯ! ನಮ್ಮನೆ ಸೊಸೆ ಕೇಳಿಸ್ಕಂಡ್ಳು."

"ಸೊಸೆಗೆ ಅರ್ಥ ಆಯ್ತಾ ಗೌಡ್ರೆ?"

"ಆಯ್ತಂತೆ!"

"ಹಂಗಾದ್ರೆ ನಂಗೂ ಸ್ವಲ್ಪ ಹೇಳ್ಸಿ. ಒಂದು ವಾರದಿಂದ ಕೇಳ್ತಾ ಇವ್ನಿ, ತಲೆ ಬುಡ ಗೊತ್ತಾಗ್ತಿಲ್ಲ."

ಅದಾದ ಮೇಲೊಂದು ಬೆಳಿಗ್ಗೆ ಎಚ್ಚರಿಕೆ ಬಂತು, ಹಾಡು ಬರಲಿಲ್ಲ. ಕಾಫಿ ಕುಯ್ಯುವ ಹೆಂಗಸರು ತೋಟದ ಆಳುಗಳ ಲೈನ್ ಮನೆಗಳ ಮುಂದೆ ನಿಂತೇ ಇದ್ದರು. ನಾನು ಹೆಲ್ಮೆಟ್ ಹಾಕಿಕೊಂಡು ಜಗಲಿಯಲ್ಲೇ ಕೂತಿದ್ದೆ. ಕೊನೆಗೆ ಗ್ರೂಪಿನಲ್ಲಿ ಮಲ್ಲೇಗೌಡರ ಧ್ವನಿ ಬಂತು, ಸಿಟ್ಟಿನದಲ್ಲ: "ಲೋಕಿ, ಯಾಕೋ ಹಾಡಿಲ್ಲ? ಎಲ್ಲಿದೀಯೋ ಮಗ?" ಸಿಗ್ನಲ್ ಸಿಗದ ಹಳ್ಳದಲ್ಲಿ ಸಿಕ್ಕಿಕೊಂಡಿದ್ದನಂತೆ. ಹಾಡು ಬಂದ ಮೇಲೆ ನಾವೆಲ್ಲ ಹೊರಟೆವು. ಹಾಡು ಬಂತೆಂದರೆ ದಾರಿ ಬಿಟ್ಟಿದೆ, ಲೋಕಿ ಕ್ಷೇಮವಾಗಿದ್ದಾನೆ ಎಂದು ಅರ್ಥ. ಹಾಗೆಂದು ಯಾರೂ ಯಾರಿಗೂ ಹೇಳಿರಲಿಲ್ಲ. ಊರು ತಾನಾಗಿ ಕಲಿತುಕೊಂಡಿತ್ತು.

ನನ್ನ ನಿಶ್ಚಿತಾರ್ಥ ಮುರಿದ ವಾರ ಸ್ಟಾಫ್‌ರೂಮಿನಲ್ಲಿ ಎಲ್ಲರೂ ಬುದ್ಧಿ ಹೇಳುತ್ತಿದ್ದರು. ಲೋಕಣ್ಣ ಏನೂ ಹೇಳದೆ ನನಗೊಬ್ಬಳಿಗೇ ಒಂದು ಹಾಡು ಕಳಿಸಿದ. ನಸುಕಿನ ಚಳಿಯಲ್ಲಿ ಬಸ್ಸು ತಪ್ಪಿಸಿಕೊಂಡ ಹುಡುಗನೊಬ್ಬ ನಡೆಯುತ್ತಾ, ಕಂಡದ್ದನ್ನೆಲ್ಲ ಹೇಳುತ್ತಾ ಹೋಗುವ ರ‍್ಯಾಪ್. ಅದಕ್ಕೆ ಅವನಿಟ್ಟ ಹೆಸರು 'ಬಸ್‌ಸ್ಟಾಪು'. ಮರುದಿನ ರಸ್ತೆಯಲ್ಲಿ ಸಿಕ್ಕಾಗ, "ಏನಂತಾನೆ ಅವ್ನು? ನೀವು ಓದಿದೋರು, ಹೇಳಿ" ಎಂದ. ನನಗೆ ತಿಳಿದಷ್ಟು ಹೇಳಿದೆ. ತಲೆಯಾಡಿಸಿದ. "ನಾನೂ ಹಂಗೇ ಅನ್ಕಂಡೆ. ಬಸ್ಸು ಹೋದ್ರೆ ಹೋಯ್ತು, ಕಾಲೈತಲ್ಲ ಅಂತಾನೆ." ಹಾಡಿನಲ್ಲಿ ಆ ಸಾಲು ಇರಲಿಲ್ಲ. ಇದ್ದರೆ ಚೆನ್ನಾಗಿರುತ್ತಿತ್ತು ಎಂದು ಈಗಲೂ ಅನ್ನಿಸುತ್ತದೆ.

ಒಂದು ಹಾಡನ್ನು ಮಾತ್ರ ಅವನು ಯಾರಿಗೂ ಕಳಿಸಲಿಲ್ಲ. ಹಳೆಯ ಕಾಲದ, ತುಂಬಾ ನಿಧಾನದ ಪ್ರೇಮಗೀತೆ ಅದು. ಹೆಂಡತಿ ಪವಿತ್ರಳಿಗೆಂದೇ ಇಟ್ಟುಕೊಂಡದ್ದು. ಬೈಕಿನ ಹ್ಯಾಂಡಲಿಗೆ ಸಣ್ಣದೊಂದು ಸ್ಪೀಕರ್ ಕಟ್ಟಿಕೊಂಡಿದ್ದ, ಸಣ್ಣದಾದರೂ ಗಂಟಲು ದೊಡ್ಡದು. ಆನೆ ಇರುವ ಕಡೆ ಅದು ಬಾಯಿಬಿಡುವಂತಿಲ್ಲ. ಕೆಲಸ ಮುಗಿಸಿ ಗದ್ದೆ ಬಯಲಿಗೆ ಬಂದ ಮೇಲೆ ಇಯರ್‌ಫೋನಿನ ವೈರ್ ಕಿತ್ತು ಸ್ಪೀಕರಿನದನ್ನು ಚುಚ್ಚಿ ಆ ಹಾಡು ಹಾಕಿಕೊಂಡು ಮನೆಗೆ ಹೋಗುತ್ತಿದ್ದ. ದಾರಿಯಲ್ಲಿ ನಾನೂ ಎಷ್ಟೋ ಸಲ ಕೇಳಿದ್ದೇನೆ. ಗೇಟಿನ ಹತ್ತಿರ ಬಂದಾಗ ಹಾಡು ಕೊನೆಯ ಚರಣಕ್ಕೆ ಬಂದಿರುತ್ತಿತ್ತು. ಅಲ್ಲಿಗೆ ಫೋನ್ ಆಫ್ ಮಾಡಿ, ಉಳಿದದ್ದನ್ನು ತಾನೇ ಹಾಡಿಕೊಂಡು ಒಳಗೆ ಹೋಗುತ್ತಿದ್ದ. ಶ್ರುತಿಗೂ ಅವನಿಗೂ ದೂರದ ನೆಂಟಸ್ತಿಕೆಯೂ ಇರಲಿಲ್ಲ ಎಂದು ಅಕ್ಕಪಕ್ಕದವರು ನಗುತ್ತಿದ್ದರು.

ಆ ದಿನ ಮಂಜು ಇನ್ನೂ ಕರಗಿರಲಿಲ್ಲ. "ಗುಂಪು ದಾಟ್ತಾ ಐತೆ, ನಿಂತ್ಕಳಿ" ಎಂದು ಅವನ ಧ್ವನಿ ಬಂತು. ಸ್ವಲ್ಪ ಹೊತ್ತಿಗೆ ಹಾಡೂ ಬಂತು. ನಾನು ಹೊರಟೆ.

ಸಿಲ್ವರ್ ಓಕ್ ಮರಗಳ ತಿರುವಿನಲ್ಲಿ ಲೋಕಣ್ಣನ ಬೈಕು ಎದುರಿನಿಂದ ಬಂತು. ಒಂದು ಕೈ ಎತ್ತಿ ಬೀಸುತ್ತಿದ್ದ, ಏನೋ ಕೂಗುತ್ತಿದ್ದ. ಆಮೇಲೆ ತಿಳಿದದ್ದು ಇಷ್ಟು: ಗುಂಪು ದಾಟಿದ್ದು ನಿಜ. ಆದರೆ ಗುಂಪಿಗೆ ಸೇರದ ಒಂಟಿ ಸಲಗವೊಂದು ಹಿಂದೆಯೇ ಉಳಿದಿತ್ತು. ಹಾಡು ಕಳಿಸಿದ ಮೇಲೆ ಅದರ ಹೆಜ್ಜೆ ಅವನ ಕಣ್ಣಿಗೆ ಬಿತ್ತು. ಹಾಗೆಂದು ಗ್ರೂಪಿಗೆ ಇನ್ನೊಂದು ಸಂದೇಶವನ್ನೂ ಕಳಿಸಿದ್ದ. ಆದರೆ ಸ್ಕೂಟರ್ ಓಡಿಸುವವಳು ಫೋನ್ ನೋಡುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಅದಕ್ಕೇ ಬಂದ.

ನಮ್ಮಿಬ್ಬರ ನಡುವೆ ಕಾಫಿ ಗಿಡಗಳು ಬಾಗಿದವು. ಸಲಗ ರಸ್ತೆಗೆ ಇಳಿಯಿತು. ನಾನು ಬ್ರೇಕ್ ಹಿಡಿದದ್ದಕ್ಕೆ ಸ್ಕೂಟರ್ ಜಾರಿ ನನ್ನ ಕಾಲಿನ ಮೇಲೆ ಬಿತ್ತು. ಎಳೆದುಕೊಳ್ಳಲು ನೋಡಿದೆ, ಆಗಲಿಲ್ಲ. ಆನೆ ನನ್ನ ಕಡೆಗೇ ತಿರುಗಿ ನಿಂತಿತ್ತು. ಅದರ ಉಸಿರು ಕೇಳುತ್ತಿತ್ತು. ಲೋಕಣ್ಣ ಹಾರ್ನ್ ಹೊಡೆದ. ನಮ್ಮ ಆನೆಗಳಿಗೆ ಹಾರ್ನೂ ಹಳತು, ಪಟಾಕಿಯೂ ಹಳತು. ಅದು ಕಿವಿಯನ್ನೂ ಅಲ್ಲಾಡಿಸಲಿಲ್ಲ. ಒಂದು ಹೆಜ್ಜೆ ನನ್ನ ಕಡೆ ಇಟ್ಟಿತು.

ಆನೆಯ ಹೊಟ್ಟೆಯ ಆಚೆ ಲೋಕಣ್ಣನ ಮುಖ ಕಾಣುತ್ತಿತ್ತು. ನನ್ನನ್ನು ನೋಡಿದ. ಎಡಗಿವಿಯಿಂದ ಇಯರ್‌ಫೋನ್ ಎಳೆದ, ಅದರ ವೈರ್ ಕಿತ್ತು ರಸ್ತೆಗೆ ಎಸೆದ, ಸ್ಪೀಕರಿನದನ್ನು ಚುಚ್ಚಿದ. ಈ ಮೂರನ್ನೂ ನಾನು ಕಣ್ಣಾರೆ ಕಂಡೆ. ಈಗಲೂ ಪಾಠದ ನಡುವೆ, ಬೋರ್ಡಿಗೆ ಮುಖ ಮಾಡಿದಾಗಲೆಲ್ಲ ಕಾಣುತ್ತವೆ. 'ಬಸ್‌ಸ್ಟಾಪು' ಹುಡುಗನ ದನಿ ಇಡೀ ತೋಟ ನಡುಗುವಂತೆ ಹೊರಟಿತು. ಆನೆ ಹಿಂದೆಂದೂ ಕೇಳದ ಸದ್ದು. ಗರ್ರನೆ ತಿರುಗಿತು. "ಬಾರೋ, ಬಾ, ಈ ಕಡೆ ಬಾ" ಎಂದು ಕೂಗುತ್ತಾ ಲೋಕಣ್ಣ ಬೈಕನ್ನು ತೋಟದ ಮಣ್ಣು ದಾರಿಗೆ ತಿರುಗಿಸಿದ. ಆನೆ ಹಿಂದೆಯೇ ಹೋಯಿತು. ಇಬ್ಬನಿಗೆ ಆ ದಾರಿ ಎಣ್ಣೆಯಂತಾಗಿತ್ತು. ಬೈಕು ಬಿದ್ದ ಸದ್ದು ಕೇಳಿತು. ಅದರ ನಂತರದ್ದನ್ನು ನಾನು ಬರೆಯುವುದಿಲ್ಲ.

ಬಿದ್ದ ಬೈಕಿನಲ್ಲಿ ಹಾಡು ಹಾಡುತ್ತಲೇ ಇತ್ತು. ಆ ಹುಡುಗ ತನ್ನ ಮಾತು ಮುಗಿಸಿದ. ಫೋನ್ ತನ್ನಷ್ಟಕ್ಕೆ ಮುಂದಿನ ಹಾಡಿಗೆ ಹೋಯಿತು. ಪವಿತ್ರಳ ಹಾಡು. ಮಂಜಿನಲ್ಲಿ ಆನೆಯ ಬೆನ್ನು ಮಾತ್ರ ಕಾಣುತ್ತಿತ್ತು. ಅದು ಕೇಳಿಸಿಕೊಳ್ಳುತ್ತಿತ್ತು ಎಂದು ನಾನು ಹೇಳುವುದಿಲ್ಲ. ನಿಂತಿತ್ತು, ಅಷ್ಟೆ. ಹಾಡು ಪೂರ್ತಿ ಮುಗಿದು ಸದ್ದು ನಿಂತ ಮೇಲೆ, ಗಿಡಗಳನ್ನು ಸರಿಸಿಕೊಂಡು ಮೇಲಕ್ಕೆ ಹೋಯಿತು.

ಮಧ್ಯಾಹ್ನದೊಳಗೆ ರಸ್ತೆಯಲ್ಲಿ ಬಿದ್ದ ಇಯರ್‌ಫೋನಿನ ಫೋಟೋ ಎಲ್ಲರ ಫೋನಿಗೂ ಹೋಗಿತ್ತು. 'ಹಾಡಿನ ಹುಚ್ಚು ಜೀವ ತೆಗೆಯಿತು' ಎಂದು ಯಾರೋ ಕೆಳಗೆ ಬರೆದಿದ್ದರು. ಹೇಳಿಕೆ ಬರೆದುಕೊಳ್ಳಲು ಬಂದ ಪೊಲೀಸರೂ ಮೊದಲು ಕೇಳಿದ್ದು ಅದನ್ನೇ. ಕಂಡದ್ದನ್ನೆಲ್ಲ ಹೇಳಿದೆ. ಬರೆದುಕೊಂಡರು. ಆದರೆ ಫೋಟೋ ಹೋದಷ್ಟು ದೂರ ಹೇಳಿಕೆ ಹೋಗುವುದಿಲ್ಲ. ಮಲ್ಲೇಗೌಡರು ಮನೆಗೇ ಬಂದರು. ಜಗಲಿಯಲ್ಲಿ ಕೂತು, ಟವೆಲಿನಿಂದ ಮುಖ ಒರೆಸಿಕೊಂಡು, "ಆ ನನ್ಮಕ್ಳು ಬಾಯಿಗೆ ಬಂದಂಗೆ ಮಾತಾಡ್ತಾರೆ ಕಣಮ್ಮ. ನೀನು ಓದಿದೋಳು, ಬರಿ" ಎಂದರು. ಅದಕ್ಕೆ ಇದನ್ನು ಬರೆದೆ.

ಹಾಡು ಮೊದಲೇ ಕಳಿಸಿಬಿಟ್ಟದ್ದು ಅವನ ತಪ್ಪು ಎನ್ನುವವರು ಎನ್ನಲಿ. ಆ ತಪ್ಪು ಅವನಿಗೆ ಎಲ್ಲರಿಗಿಂತ ಮೊದಲು ತಿಳಿದಿತ್ತು. ತಿಳಿದ ಮೇಲೆ ಅವನು ಮನೆಯ ಕಡೆ ಹೋಗಲಿಲ್ಲ, ನನ್ನ ಕಡೆ ಬಂದ.

ತಿಥಿ ಕಳೆದ ಮೇಲೆ ಕುಂಟುತ್ತಾ ಪವಿತ್ರಳ ಮನೆಗೆ ಹೋದೆ. ಹಜಾರದಲ್ಲಿ ಚಾಪೆ ಹಾಸಿದಳು, ಕಾಫಿ ಕೊಟ್ಟಳು. ಆಮೇಲೆ ಲೋಟದ ಕಡೆ ನೋಡುತ್ತಾ ಕೇಳಿದಳು:

"ನಿಜ ಹೇಳಿ ಮೇಡಂ. ಎರಡೂ ಕಿವಿಗೆ ಹಾಕ್ಕಂಡಿದ್ರಾ?"

ಅವಳ ಮನೆಯೊಳಕ್ಕೂ ಆ ಮಾತು ಬಂದು ಕೂತಿತ್ತು. ನಾನು ಮೊದಲಿನಿಂದ ಹೇಳಿದೆ. ಬಲಗಿವಿ ಖಾಲಿ ಇದ್ದದ್ದು, ವೈರ್ ಕಿತ್ತದ್ದು, ಬೈಕು ತಿರುಗಿಸಿದ್ದು. ಕೊನೆಗೆ, ಹೇಳಿಕೆಯಲ್ಲೂ ಹೇಳದೆ ಇಟ್ಟುಕೊಂಡದ್ದನ್ನು ಹೇಳಿದೆ: ಆಮೇಲೆ ಯಾವ ಹಾಡು ಬಂತು ಎಂಬುದನ್ನು.

ಪವಿತ್ರ ಸೆರಗು ಬಾಯಿಗೆ ಒತ್ತಿಕೊಂಡಳು. "ಪೂರ್ತಿ ಬಂತಾ? ಕೊನೇ ಚರಣನೂ?" ಎಂದಳು.

"ಬಂತು."

"ಹೆಂಗೈತೆ ಅದು? ನಾನು ಅದ್ನ ಅವ್ರ ಬಾಯಲ್ಲೇ ಕೇಳಿದ್ದು, ಫೋನಲ್ಲಿ ಕೇಳೇ ಇಲ್ಲ."

ನನಗೆ ನೆನಪಿದ್ದಂತೆ ಮೆಲ್ಲಗೆ ಹಾಡಿದೆ. ಅವಳು ಗೇಟಿನ ಕಡೆ ಮುಖ ಮಾಡಿ ಕೇಳಿದಳು. ಆಮೇಲೆ ತಲೆಯಾಡಿಸಿದಳು.

"ಅವ್ರು ಹಿಂಗೆ ಹಾಡ್ತಿರ್ಲಿಲ್ಲ."