ಗೇಟಕ್ಕನ ಕಾಲ್ಗುಣ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಫುಟ್‌ಬಾಲ್ ಮೈದಾನದ ಹಿಂದಿನ ಗೇಟಿನ ಮುಂದೆ ಗೇಟಕ್ಕ ಕುಕ್ಕರಗಾಲಲ್ಲಿ ಕೂತು, ಹಕ್ಕಿಯ ಪುಕ್ಕವೊಂದನ್ನು ಎಣ್ಣೆಯಲ್ಲಿ ಅದ್ದಿ ಬೀಗದ ಬಾಯಿಗೆ ಸವರುತ್ತಿದ್ದಾರೆ. ರಾತ್ರಿಯ ತಂಡಿಗೆ ಬೀಗ ಮುನಿಸಿಕೊಂಡಿದೆ. “ಮುದುಕರ ಮಂಡಿ ಇದ್ದ ಹಾಗೆ ಇದು. ಬೆಳಿಗ್ಗೆ ಹೊತ್ತು ಒಂಚೂರು ಪೂಸಿ ಹೊಡೀಬೇಕು” ಎನ್ನುತ್ತ ಕೀಲಿ ತಿರುಗಿಸುತ್ತಾರೆ. ಕಬ್ಬಿಣದ ಗೇಟಿಗೆ ಹೆಗಲು ಕೊಟ್ಟು ನೂಕಿದರೆ ಅದು ನೆಲ ಕೆರೆಯುತ್ತ, ಒಲ್ಲದ ಮನಸ್ಸಿನಿಂದ ಸರಿಯುತ್ತದೆ.

ಇವತ್ತು ಪಂದ್ಯವಿದೆ. ಜನರನ್ನು ಒಬ್ಬೊಬ್ಬರನ್ನಾಗಿ ಒಳಗೆ ಬಿಡುವ ತಿರುಗುಕಂಬಿಗಳನ್ನು ಗೇಟಕ್ಕ ತಾವೇ ಒಂದೊಂದಾಗಿ ದಾಟಿ ನೋಡುತ್ತಾರೆ. ಕೊನೆಯದು ಅರ್ಧ ತಿರುಗಿ ಹಟ ಹಿಡಿಯುತ್ತದೆ. ಅದಕ್ಕೆ ಸೊಂಟದ ಏಟೇ ಮದ್ದು. “ಕೈಯಲ್ಲಿ ತಳ್ಳಿದ್ರೆ ಜಗ್ಗಲ್ಲ. ನಮ್ಮನೆಯವರು ಹಾಸಿಗೆ ಮೇಲೆ ಮಲಗಿಕೊಂಡೇ ಹೇಳಿಕೊಟ್ರು. ನಾನು ಅಡುಗೆಮನೆ ಬಾಗಿಲಲ್ಲಿ ನಿಂತು ಸೊಂಟ ಆಡಿಸಿ ಕಲಿತೆ. ಎದುರು ಮನೆಯವರು, ಈ ವಯಸ್ಸಲ್ಲಿ ಇವಳಿಗೇನು ಡ್ಯಾನ್ಸ್ ಹುಚ್ಚು ಅಂದ್ಕೊಂಡಿರ್ತಾರೆ” ಎಂದು ನಗುತ್ತಾರೆ.

ಪಂದ್ಯದ ದಿನ ಎರಡು ಸಾವಿರದಷ್ಟು ಜನ ಈ ಗೇಟಿನಲ್ಲಿ ಹಾಯುತ್ತಾರೆ. ಚೀಟಿ ಹರಿಯಬೇಕು, ನುಗ್ಗುವವರನ್ನು ತಡೆಯಬೇಕು, ಚೀಟಿ ಮರೆತವರ ಕಟ್ಟುಕತೆಗಳಿಗೆ ಕಿವಿಗೊಡಬೇಕು. ಮುಖ ಬೀದಿಗೆ, ಬೆನ್ನು ಆಟಕ್ಕೆ. ಇಡೀ ಊರು ನೋಡಲು ಬರುವ ಆಟದಲ್ಲಿ ಗೇಟಕ್ಕನ ಪಾಲಿಗೆ ದಕ್ಕುವುದು ಸದ್ದು ಮಾತ್ರ.

ಅಸಲಿಗೆ ಈ ಗೇಟು ಅವರ ಗಂಡನದು. ಮೀಸೆ ಚಿಗುರುವ ಕಾಲಕ್ಕೆ ಕೀಲಿಗೊಂಚಲು ಸೊಂಟಕ್ಕೆ ಸಿಕ್ಕಿಸಿಕೊಂಡವರು ಮೀಸೆ ಬೆಳ್ಳಗಾಗುವ ತನಕ ಬಿಚ್ಚಲಿಲ್ಲ. ಹೆಸರು ಯಾರಿಗೂ ಬೇಕಾಗಲಿಲ್ಲ, ಊರಿಗೆಲ್ಲ ಬೀಗದಣ್ಣ. ಆಟದ ಅರ್ಧ ಮುಗಿದು ತಡವಾಗಿ ಬರುವವರ ಕಾಟ ನಿಂತ ಮೇಲೆ, ಗೇಟು ಎಳೆದು ಬೇಲಿಯ ಹತ್ತಿರ ಹೋಗಿ ನಿಲ್ಲುತ್ತಿದ್ದರು. ಉಳಿದರ್ಧ ಆಟ ಅವರದು. “ಸಂಬಳ ಗೇಟಲ್ಲಿ, ಜೀವ ಬೇಲೀಲಿ” ಎನ್ನುತ್ತಾರೆ ಗೇಟಕ್ಕ.

ಅಷ್ಟು ವರ್ಷ ಬೇಲಿ ಹಿಡಿದು ಅವರು ನೋಡಿದ್ದಾದರೂ ಏನು? ಬಹುಪಾಲು ಸೋಲು. ಪಟ್ಟಿಯಲ್ಲಿ ತಂಡದ ಹೆಸರು ಹುಡುಕುವವರು ಕೆಳಗಿನಿಂದಲೇ ಓದಲು ಶುರುಮಾಡುತ್ತಿದ್ದರು. ಕಟ್ಟಾ ಅಭಿಮಾನಿಯಾದ ಶಾಲಾ ವ್ಯಾನಿನ ಡ್ರೈವರ್ ಇವತ್ತಿಗೂ ಹೇಳುವುದುಂಟು: “ನಮ್ಮೋರು ಮನೆಗೆ ಬಂದ ನೆಂಟರನ್ನ ಯಾವತ್ತೂ ಬರಿಗೈಯಲ್ಲಿ ಕಳಿಸಿದ್ದಿಲ್ಲ.”

ಈ ಸಲ ಲೀಗ್ ಶುರುವಾಗುವ ಮುನ್ನ, ಗೇಟಿನ ದೀಪಕ್ಕೆ ಕಟ್ಟಿದ್ದ ಜೇಡರಬಲೆ ತೆಗೆಯಲು ಹೋಗಿ ಬೀಗದಣ್ಣ ಏಣಿಯಿಂದ ಬಿದ್ದರು. ತೊಡೆಯ ಮೂಳೆ ಮುರಿಯಿತು. ಗುಣವಾಗುವ ತನಕ ನೀವೇ ನೋಡಿಕೊಳ್ಳಿ ಎಂದು ಕ್ಲಬ್ಬಿನವರು ಕೀಲಿಯನ್ನು ಹೆಂಡತಿಯ ಕೈಗಿತ್ತರು. ಗೇಟಕ್ಕ ಕೀಲಿ ಹಿಡಿದ ಮೊದಲ ಪಂದ್ಯದಲ್ಲೇ ತಂಡ ಗೆದ್ದಿತು. ಎರಡನೆಯದೂ ಗೆದ್ದಿತು. ಹಾಗೇ ಆರಕ್ಕೆ ಆರೂ ಗೆದ್ದಿತು.

ಎರಡನೆಯ ಗೆಲುವಾದ ಮೇಲೆ ಅಭಿಮಾನಿಗಳು ಹಣ್ಣು ಹಿಡಿದು ಬೀಗದಣ್ಣನನ್ನು ನೋಡಲು ಬಂದರು. ಮಾತಿಗೆ ಮಾತು ಬೆಳೆದು, ಬೀದಿಯ ತುದಿಯಲ್ಲಿ ಕಟಿಂಗ್ ಅಂಗಡಿ ಇಟ್ಟಿರುವಾತ ತಮಾಷೆಗೆಂದ: “ನೋಡು ಬೀಗದಣ್ಣ, ನಿನ್ನ ಕಾಲು ಮುರಿದಿದ್ದೇ ತಡ, ನಮ್ಮ ಹುಡುಗರ ಕಾಲಿಗೆ ಜೀವ ಬಂತು! ಎಲ್ಲಾ ನಮ್ಮಕ್ಕನ ಕಾಲ್ಗುಣ.” ಮನೆಯೆಲ್ಲ ಗೊಳ್ಳೆಂದಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಬೀಗದಣ್ಣನೇ.

“ಆ ನಗು ನಂಗೆ ಹಿಡಿಸಲಿಲ್ಲ” ಎನ್ನುತ್ತಾರೆ ಗೇಟಕ್ಕ. “ಅವರು ಅಷ್ಟು ಜೋರಾಗಿ ನಗೋದು, ಎಲ್ಲೋ ಚುಚ್ಚಿದಾಗ ಮಾತ್ರ.”

ಈಗ ಮೂಳೆ ಕೂಡಿದೆ. ಓಡಾಡಿ ಎಂದು ಡಾಕ್ಟರೇ ಹೇಳಿದ್ದಾರೆ. ಬೀಗದಣ್ಣ ಕೋಲೂರಿಕೊಂಡು ಅಂಗಡಿಗೆ ಹೋಗುತ್ತಾರೆ, ತಂಗಿಯ ಮನೆಗೂ ಹೋಗುತ್ತಾರೆ. ಮೈದಾನದ ತಿರುವು ಬಂದರೆ ಮಾತ್ರ ಕಾಲು ಬೇರೆ ದಾರಿ ಹಿಡಿಯುತ್ತದೆ. ಪಂದ್ಯದ ಹೊತ್ತಿಗೆ ಹಿತ್ತಲ ಮೆಟ್ಟಿಲ ಮೇಲೆ ಕೂತು, ಎರಡು ಬೀದಿಯಾಚೆಯಿಂದ ಬರುವ ಕೂಗಿಗೆ ಕಿವಿಯಾನಿಸುತ್ತಾರೆ.

ಹೊತ್ತೇರಿದ ಮೇಲೆ ಗೇಟಕ್ಕ ಮನೆಗೆ ಬಂದು ತಟ್ಟೆ ಹಾಕುತ್ತ ಮತ್ತೊಮ್ಮೆ ಕೇಳಿ ನೋಡುತ್ತಾರೆ. “ರೀ, ಇವತ್ತಾದ್ರೂ ಬನ್ನಿ. ಗೇಟು ನಾನು ನೋಡ್ಕೋತೀನಿ. ನೀವು ಬೇಲಿ ಹತ್ರ ಸುಮ್ಮನೆ ನಿಂತ್ಕೊಳ್ಳಿ.”

“ಬೇಡ ಕಣೇ.”

“ಯಾರೋ ಬಾಯಿಗೆ ಬಂದದ್ದು ಅಂದ್ರೆ ಅದನ್ನೇ ಗಂಟು ಕಟ್ಟಿ ಇಟ್ಕೋತೀರಲ್ಲ.”

“ಗೆಲ್ಲೋ ತಂಡ ನೋಡಬೇಕು ಅಂತ ಜೀವಮಾನ ಎಲ್ಲಾ ಕಾದೆ. ಈಗ ಗೆಲ್ತಾ ಇದೆ. ನಾನಾಗೇ ಹೋಗಿ ಕೆಡಿಸ್ಲಾ?”

ಗೇಟಕ್ಕ ಸಾರಿನ ಪಾತ್ರೆಯನ್ನು ಅವರ ಮುಂದೆ ತಳ್ಳುತ್ತಾರೆ.

ಮಧ್ಯಾಹ್ನ ಕಳೆಯುತ್ತಿದ್ದಂತೆ ಗೇಟಿನ ಮುಂದೆ ನ್ಯಾಯಪಂಚಾಯಿತಿ ಸೇರುತ್ತದೆ. ಕಟಿಂಗ್ ಅಂಗಡಿಯವ, ವ್ಯಾನ್ ಡ್ರೈವರ್, ಇಬ್ಬರಿಗೂ ಬುದ್ಧಿ ಹೇಳುವ ಹೊಲಿಗೆ ಚಿಕ್ಕಮ್ಮ. ಇತ್ಯರ್ಥವಾಗಬೇಕಾದ ವ್ಯಾಜ್ಯ ಒಂದೇ: ತಂಡ ನಿಜವಾಗಿ ಚಿಗುರಿದೆಯೋ, ಇಲ್ಲ ಇದು ನಾಲ್ಕು ದಿನದ ಆರ್ಭಟವೋ?

“ಆರಂಭಶೂರರು ಕಣ್ರೀ ಇವರು” ಎನ್ನುತ್ತಾನೆ ಡ್ರೈವರ್. “ನನ್ನ ವ್ಯಾನೂ ಹೀಗೇ. ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಯ್ತು ಅಂದ್ರೆ ನಂಗೆ ಭಯ. ದಾರೀಲಿ ಎಲ್ಲೋ ಕೈ ಕೊಡುತ್ತೆ.”

“ನಿನ್ನ ಬಾಯಿಗೆ ಹೊಲಿಗೆ ಹಾಕ್ಬೇಕು” ಎನ್ನುತ್ತಾರೆ ಚಿಕ್ಕಮ್ಮ. “ಗೋಲು ಕಾಯೋ ಹಿಂದಿನ ಸಾಲು ನೋಡ್ದ್ಯಾ? ಹೋದ ವರ್ಷ ಹಳೇ ಚಾಪೆ ಥರ ಎಲ್ಲಿ ಎಳೆದ್ರೂ ಕಿತ್ಕೊಂಡು ಬರ್ತಿತ್ತು. ಈಗ ಒಂದು ಎಳೆನೂ ಬಿಡ್ತಾ ಇಲ್ಲ.”

“ಗೋಲ್‌ಕೀಪರೂ ಎಚ್ಚರ ಆಗಿದಾನೆ ಚಿಕ್ಕಮ್ಮ. ಮುಂಚೆ ಗೂಟಕ್ಕೆ ಕಟ್ಟಿದ ಹಾಗೆ ನಿಂತಿರ್ತಿದ್ದ” ಎಂದು ಕಟಿಂಗ್‌ನವ ದನಿಗೂಡಿಸುತ್ತಾನೆ. ಅವನ ಕೊರಳಲ್ಲಿರುವ ಸ್ಕಾರ್ಫು ಮೊದಲ ಗೆಲುವಿನಿಂದ ನೀರು ಕಂಡಿಲ್ಲ. ಗಾಳಿ ಆ ಕಡೆಯಿಂದ ಬೀಸಿದಾಗಲೆಲ್ಲ ಚಿಕ್ಕಮ್ಮ ಒಂದು ಹೆಜ್ಜೆ ಸರಿಯುತ್ತಾರೆ.

ಮಾತಿಗೊಂದು ಬಿಡುವು ಸಿಕ್ಕಾಗ ಗೇಟಕ್ಕ ಚೀಟಿ ಹರಿಯುತ್ತಲೇ ಕೇಳುತ್ತಾರೆ: “ಮುಂದಿನ ಪಂದ್ಯಕ್ಕೆ ನಮ್ಮನೆಯವರನ್ನ ಕರ್ಕೊಂಡು ಬರ್ಲಾ? ನೀವೆಲ್ಲಾ ಬಂದು ಒಂದು ಮಾತು ಕರೆದ್ರೆ ಬಂದಾರು.”

ಡ್ರೈವರ್ ತನ್ನ ಚಪ್ಪಲಿ ನೋಡಿಕೊಳ್ಳುತ್ತಾನೆ. ಚಿಕ್ಕಮ್ಮ ಸೆರಗಿನಲ್ಲಿ ಇಲ್ಲದ ದಾರ ಹುಡುಕುತ್ತಾರೆ.

“ಬರ್ಲಿ ಅಕ್ಕ, ಬರದೆ ಏನು? ಅವರದ್ದೇ ಗೇಟು” ಎನ್ನುತ್ತಾನೆ ಕಟಿಂಗ್‌ನವ ಕೊನೆಗೆ. “ಆದ್ರೆ ಮುಂದಿನದು ದೊಡ್ಡ ಪಂದ್ಯ. ಅದೊಂದು ಕಳೀಲಿ, ಆಮೇಲೆ…”

“ಆಮೇಲೆ ಇನ್ನೊಂದು ದೊಡ್ಡದು ಬರುತ್ತೆ” ಎನ್ನುತ್ತಾರೆ ಗೇಟಕ್ಕ. ದನಿಯಲ್ಲಿ ಸಿಟ್ಟಿಲ್ಲ. “ಒಳಗೆ ನಡೀರಿ, ಹಿಂದೆ ಜನ ಕಾಯ್ತಿದಾರೆ.”

ಊರಿನವರೆಲ್ಲ ಗೆಲುವಿಗೆ ಹರಕೆ ಹೊರುವಾಗ ಗೇಟಕ್ಕನೊಬ್ಬರೇ ಬೇರೇನೋ ಬೇಡುತ್ತಾರೆ. “ಸೋಲಲಿ ಅನ್ನಲ್ಲ. ಕ್ಲಬ್ಬಿನ ಅನ್ನ ತಿಂದು ಹಾಗೆ ಅನ್ನಬಾರದು. ಒಂದೇ ಒಂದು ಪಂದ್ಯ ಸಮ ಆದ್ರೆ ಸಾಕು. ನಾನು ಗೇಟಲ್ಲಿದ್ದೂ ಗೆಲ್ಲಲಿಲ್ಲ ಅಂತ ಆಗ್ಲಿ. ಆಗ ನಮ್ಮನೆಯವರ ಕಾಲಿನ ಮೇಲಿರೋ ದೂರು ಇಳಿಯುತ್ತೆ.”

ಇವತ್ತು ಆ ಬೇಡಿಕೆ ಇನ್ನೇನು ಕೈಗೂಡಬೇಕು. ಆಟ ಮುಗಿಯಲು ಬಂದರೂ ಎರಡೂ ಕಡೆ ಒಂದೊಂದೇ ಗೋಲು. ಗಂಡನಿಲ್ಲದ ಬೇಲಿಯ ಹತ್ತಿರ ಹೋಗಲು ಮನಸ್ಸಾಗದೆ ಗೇಟಕ್ಕ ಎಳೆದ ಗೇಟಿಗೆ ಬೆನ್ನು ಕೊಟ್ಟು ಕಣ್ಣು ಮುಚ್ಚಿದ್ದಾರೆ. ಬೆನ್ನ ಹಿಂದೆ ಮೈದಾನ ಉಸಿರು ಬಿಗಿಹಿಡಿಯುತ್ತದೆ. ಪೆನಾಲ್ಟಿ ಸಿಕ್ಕಿರಬೇಕು. ಆಮೇಲೆ ಗೇಟಿನ ಸರಳುಗಳೇ ನಡುಗುವಂಥ ಕೂಗು.

ಆ ಕೂಗಿನಲ್ಲಿ ಗೇಟಕ್ಕನ ಕೂಗೂ ಇದೆ. ಎರಡೂ ಕೈ ಮೇಲೆತ್ತಿ ನಿಂತಿರುವುದು ಅರಿವಿಗೆ ಬಂದಾಗ ನಾಚಿಕೊಂಡು ಕೈ ಇಳಿಸುತ್ತಾರೆ. “ನೋಡಿ, ಬೇಡಿಕೊಂಡಿದ್ದು ಒಂದು, ಕೂಗಿದ್ದು ಒಂದು. ಗಂಟಲಿಗೆ ಮಾನ ಮರ್ಯಾದೆ ಇಲ್ಲ.”

ಗೇಟು ಹಾಕಿ ಮನೆ ಸೇರುವಾಗ ಬೀಗದಣ್ಣ ಹೊಸ್ತಿಲಲ್ಲೇ ನಿಂತಿದ್ದಾರೆ.

“ಗೆದ್ರಲ್ಲ?”

“ಗೆದ್ರು.”

“ಪೆನಾಲ್ಟಿ ತಾನೇ? ಯಾವ ಕಡೆಗೆ ಹೊಡೆದ?”

“ನಾನೆಲ್ಲಿ ನೋಡ್ದೆ? ನಿಮ್ಮ ಥರಾನೇ ಕೇಳಿಸ್ಕೊಂಡೆ ಅಷ್ಟೇ.”

ಬೀಗದಣ್ಣ ತಲೆಯಾಡಿಸುತ್ತಾರೆ. ಮುಖ ತುಂಬ ಸಂತೋಷ. ಆ ಸಂತೋಷ ಹೊತ್ತುಕೊಂಡು ಎಲ್ಲಿಗೂ ಹೋಗಲಾರದೆ ಅವರು ಹೊಸ್ತಿಲಲ್ಲೇ ಇನ್ನೂ ಸ್ವಲ್ಪ ಹೊತ್ತು ನಿಲ್ಲುತ್ತಾರೆ, ಮೈದಾನದ ಕಡೆಗೆ ಮುಖಮಾಡಿ.

ಒಳಗೆ ಒಲೆ ಹಚ್ಚುತ್ತ ಗೇಟಕ್ಕ ದನಿ ತಗ್ಗಿಸುತ್ತಾರೆ. “ಬೆಳಿಗ್ಗೆ ಹೊತ್ತು ಯಾರೂ ಇರಲ್ಲ, ಖಾಲಿ ಮೈದಾನಾನಾದ್ರೂ ನೋಡ್ಕೊಂಡು ಬನ್ನಿ ಅಂತ ಎಷ್ಟೋ ಸಲ ಕರೆದೆ. ಬೇಡ, ನಾನು ಬಂದಿದ್ದು ಹುಲ್ಲಿಗೆ ಗೊತ್ತಾಗುತ್ತೆ ಅಂತಾರೆ! ಇಂಥೋರಿಗೆ ಏನು ಹೇಳೋದು? ಗೆಲ್ಲಲಿ ಬಿಡಿ, ಎಲ್ಲಾ ಗೆಲ್ಲಲಿ. ಲೀಗ್ ಮುಗಿದ ಮಾರನೇ ದಿನ ಗೇಟು ತೆಗೆದು, ಕೈ ಹಿಡ್ಕೊಂಡು ಬೇಲಿ ತನಕ ಕರ್ಕೊಂಡು ಹೋಗ್ತೀನಿ. ಆಮೇಲೆ ಹುಲ್ಲಿಗೆ ಗೊತ್ತಾದ್ರೆ ಗೊತ್ತಾಗ್ಲಿ.”