ಸಿಗಡಿ ಚಟ್ನಿಯ ಬೋಣಿ

ನಮ್ಮ ಮನೆಯಲ್ಲಿ ಡಿಗ್ರಿ ಪಡೆದವಳು ನಾನೇ ಮೊದಲು. ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ, ಸುಲಭಕ್ಕೆ ಸಿಕ್ಕಿದ್ದಲ್ಲ. ಅಮ್ಮ ಕಾಪು ಪೇಟೆಯಲ್ಲಿ ಮೀನು ಮಾರುತ್ತಿದ್ದರು. ಸಂಜೆ ಬಂದವರೇ ಹುಣಸೆಹುಳಿ ಹಾಕಿ ಕೈ ತಿಕ್ಕಿ ತೊಳೆದು, ಮೂಸಿ ನೋಡಿ, ಆಮೇಲೆಯೇ ನನ್ನ ಪುಸ್ತಕ ಮುಟ್ಟುತ್ತಿದ್ದರು. ಓದಲು ಬಾರದಿದ್ದರೂ ಪುಟ ತಿರುಗಿಸುವುದು ಅವರಿಗೆ ಇಷ್ಟ.

ಹಾಗಾಗಿ, ಪರ್ಕಳದಲ್ಲಿ ಸಣ್ಣ ಅಂಗಡಿ ಹಿಡಿದು ಒಣಸಿಗಡಿ ಚಟ್ನಿ ಮಾಡಿ ಮಾರುತ್ತೇನೆ ಎಂದಾಗ ಅಮ್ಮ ಒಲೆಯ ಮುಂದಿನಿಂದ ಏಳಲೇ ಇಲ್ಲ.

"ಇಷ್ಟು ಕಲಿತದ್ದು ಎಂತಕ್ಕೆ? ಪುನಃ ಮೀನಿಗೇ ಕೈ ಹಾಕ್ಲಿಕ್ಕಾ?"

"ಇದು ಉದ್ಯಮ ಅಮ್ಮ."

"ಉದ್ಯಮವೋ ಗಿದ್ಯಮವೋ, ವಾಸನೆ ಒಂದೇ ಅಲ್ವಾ? ಬ್ಯಾಂಕಿನಲ್ಲಿ ಫ್ಯಾನಿನ ಅಡಿ ಕೂತ್ಕೊಳ್ಳುದು ಬಿಟ್ಟು! ನಾನು ಬರುದಿಲ್ಲ ನಿನ್ನ ಅಂಗಡಿಗೆ."

ಅಮ್ಮನ ಕೈಯಿಂದ ಬೋಣಿಯಾಗಬೇಕೆಂಬುದೊಂದೇ ನನ್ನ ಆಸೆಯಾಗಿತ್ತು.

ಮಣಿಪಾಲದಲ್ಲಿ ಜೊತೆಗೆ ಓದಿದ ಕೀನ್ಯಾದ ಗೆಳತಿಗೆ ಅಮ್ಮನ ಮಾತನ್ನು ಹೇಳಿದರೆ ಅವಳು ನಕ್ಕಳು. ಅವರ ಊರಿನಲ್ಲಿ ಕಲಿಯುವಾಗಲೇ ಎಲ್ಲರೂ ಏನಾದರೂ ಮಾರುತ್ತಾರಂತೆ.

"ಅಷ್ಟು ಧೈರ್ಯವಾ?"

"ಧೈರ್ಯವಲ್ಲ ಮಾರಾಯ್ತಿ," ಎಂದಳು. 'ಮಾರಾಯ್ತಿ' ಎಂಬ ಆ ಒಂದು ಪದವನ್ನು ಇಲ್ಲಿ ಚೆನ್ನಾಗಿ ಕಲಿತಿದ್ದಳು. "ನೌಕರಿ ಸಿಗುವುದಿಲ್ಲ, ಅಷ್ಟೇ. ಆದರೆ ಮಾರುವವರನ್ನು ನೋಡಿ ಯಾರೂ ನಗುವುದಿಲ್ಲ." ಜರ್ಮನಿಯಲ್ಲಿರುವ ಅವಳ ಅಣ್ಣನಿಗೆ ಬೇಕರಿ ಹಾಕುವ ಆಸೆ, ಅಲ್ಲಿ ಅದಕ್ಕೆ ವರ್ಷಗಟ್ಟಲೆ ಕಲಿತು ಪರೀಕ್ಷೆ ಪಾಸಾಗಬೇಕಂತೆ.

ರಾತ್ರಿ ಊಟಕ್ಕೆ ಕೂತಾಗ ಇದನ್ನು ಅಮ್ಮನಿಗೆ ಹೇಳಿದೆ. ಬಡಿಸುವ ಕೈ ನಿಂತಿತು.

"ಬನ್ ಸುಡ್ಲಿಕ್ಕೂ ಪರೀಕ್ಷೆಯಾ?" ನನ್ನ ತಟ್ಟೆಗೆ ಅನ್ನ ಹಾಕುತ್ತಾ, "ಹಾಗಾದ್ರೆ ಅಲ್ಲಿ ಅಂಗಡಿಯವರಿಗೆ ಮರ್ಯಾದೆ ಉಂಟು," ಎಂದರು.

ಅಂಗಡಿ ತೆರೆದ ಬೆಳಿಗ್ಗೆ ನಾನು ಬಾಟಲಿ ಜೋಡಿಸುತ್ತಿದ್ದೆ. ಬಸ್ಸಿನಿಂದ ಅಮ್ಮ ಇಳಿದರು. ತಲೆಯಲ್ಲಿ ಮಲ್ಲಿಗೆ. ಒಳಗೆ ಬರದೆ ಗಿರಾಕಿಯ ಹಾಗೆ ಮೆಟ್ಟಿಲ ಬಳಿಯೇ ನಿಂತರು.

"ಬಾಟ್ಲಿಗೆ ಎಷ್ಟು?"

"ನೂರು."

"ಎಂಬತ್ತಕ್ಕೆ ಕೊಡು."

"ಆಗುದಿಲ್ಲ ಅಮ್ಮ."

"ಬೋಣಿ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸ್ತೀಯಾ? ಕಾಲೇಜಿನಲ್ಲಿ ಎಂತ ಕಲಿಸಿದ್ದಾರೆ ನಿನಗೆ?"

ಕೊಟ್ಟೆ. ಅವರು ಕೊಟ್ಟ ದುಡ್ಡನ್ನು, ಅವರೇ ದಿನಾ ಮಾಡುತ್ತಿದ್ದ ಹಾಗೆ, ಕಣ್ಣಿಗೊತ್ತಿಕೊಂಡೆ. ತಲೆ ಎತ್ತುವಷ್ಟರಲ್ಲಿ ಅಮ್ಮ ರಸ್ತೆಗೆ ಮುಖ ಮಾಡಿ, ಬಾಟಲಿ ಎತ್ತಿ ಹಿಡಿದು, ಕಾಪು ಪೇಟೆಯ ಅದೇ ಸ್ವರದಲ್ಲಿ ಕೂಗುತ್ತಿದ್ದರು:

"ಬನ್ನಿ ಅಣ್ಣಾ, ಬನ್ನಿ! ಡಿಗ್ರಿ ಮಾಡಿದ ಮಗಳು ಮಾಡಿದ ಚಟ್ನಿ!"