ಕಟ್ಟದ ಸೆನ್ಸರಿನಲ್ಲಿ ಹರಿದ ನೀರು

ಇಂಥ ಕಥೆಗಳನ್ನು ಯಾರಾದರೂ ಹೇಳಿದರೆ ನಾನು ನಕ್ಕು ಎದ್ದುಹೋಗುವ ಜಾತಿ. ಪೈಪಿನೊಳಗೆ ಎಷ್ಟು ನೀರು ಹರಿಯುತ್ತಿದೆ ಎಂದು ಅಳೆಯುವುದು ನನ್ನ ಕೆಲಸ. ಅಳತೆಗೆ ಸಿಗದ ಸಂಗತಿಗಳ ಬಗ್ಗೆ ನನಗೆ ಮೊದಲಿನಿಂದಲೂ ತಾತ್ಸಾರ. ಆದರೂ ಕೆಲವು ವರ್ಷಗಳ ಹಿಂದೆ ಕುಂಬ್ರದ ಹತ್ತಿರ ಒಂದು ಮಧ್ಯಾಹ್ನ ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ನಮ್ಮ ಅಲ್ಟ್ರಾಸಾನಿಕ್ ಮೀಟರಿಗೆ ಪೈಪ್ ಕೊರೆಯಬೇಕಾಗಿಲ್ಲ. ಜೆಲ್ ಹಚ್ಚಿ ಎರಡು ಸೆನ್ಸರುಗಳನ್ನು ಪೈಪಿನ ಹೊರಮೈಗೆ ಕಟ್ಟಿದರೆ ಸಾಕು, ಶಬ್ದದ ಅಲೆ ನೀರಿನೊಳಗೆ ಹೋಗಿಬಂದು ಲೆಕ್ಕ ಕೊಡುತ್ತದೆ. “ಗರ್ಭಿಣಿಯರಿಗೆ ಸ್ಕ್ಯಾನಿಂಗ್ ಮಾಡಿದ ಹಾಗುಂಟು ನಿಮ್ಮ ಕೆಲಸ” ಎಂದು ಫಿಟ್ಟರ್ ಮೋನಪ್ಪಣ್ಣ ಕಾಲೆಳೆಯುತ್ತಿದ್ದರು. ಸುಳ್ಯದ ಕಡೆಯವರು, ನನಗಿಂತ ಹಿರಿಯರು. ಅವರ ಜೊತೆ ಕೆಲಸವೆಂದರೆ ನನಗೆ ಇಷ್ಟ.

ಆ ದಿನ ಗುಡ್ಡದ ಟ್ಯಾಂಕಿಗೆ ನೀರೇರಿಸುವ ಪೈಪಿನ ಸೋರಿಕೆ ರಿಪೇರಿ. ಟ್ಯಾಂಕಿನ ನೀರು ಇಳಿಯದಂತೆ ಮೇಲಿನ ವಾಲ್ವ್ ಮುಚ್ಚಿ, ಪೈಪ್ ಖಾಲಿ ಮಾಡಿ ಆಗಿತ್ತು. ಮೋನಪ್ಪಣ್ಣ ಆಳುದ್ದದ ಗುಂಡಿಗೆ ಇಳಿದು ಪೈಪಿನ ಜೋಡಣೆಯನ್ನು ಬಿಚ್ಚಿದ್ದರು. ಅದು ಮುಗಿದ ಮೇಲೆ ನನ್ನ ಅಳತೆ. ಅಷ್ಟರಲ್ಲಿ ಬ್ಯಾಟರಿ ನೋಡೋಣವೆಂದು ಜೀಪಿನ ಹಿಂದೆ ಕೂತು ಮೀಟರ್ ಆನ್ ಮಾಡಿದೆ. ಸೆನ್ಸರುಗಳು ಇನ್ನೂ ಪೆಟ್ಟಿಗೆಯಲ್ಲೇ ಇದ್ದವು. ಪರದೆಯ ಮೇಲೆ ‘ಸಿಗ್ನಲ್ ಇಲ್ಲ’ ಎಂದು ಬರಬೇಕು. ಬಂದದ್ದು ಅಂಕೆ. ಅದು ಏರುತ್ತಲೇ ಇತ್ತು, ಅದಕ್ಕೆ ಮೈನಸ್ ಗುರುತು ಬೇರೆ. ನೀರು ಹಿಮ್ಮುಖವಾಗಿ, ಗುಡ್ಡದಿಂದ ಕೆಳಕ್ಕೆ ಬರುತ್ತಿದೆ ಎಂದು ಅದರ ಅರ್ಥ.

ನನಗೆ ಹೆದರಿಕೆಯಾಗಲಿಲ್ಲ, ನಗು ಬಂತು. ಹುಚ್ಚು ಹಿಡಿದ ಮೀಟರನ್ನು ಅವರಿಗೆ ತೋರಿಸದೆ ಇರಲಾಗಲಿಲ್ಲ.

“ಮೋನಪ್ಪಣ್ಣ, ಒಮ್ಮೆ ಮೇಲೆ ಬನ್ನಿ. ಒಂದು ತಮಾಷೆ ಉಂಟು.”

“ಕೈಯೆಲ್ಲ ಗ್ರೀಸ್ ಮಾರಾಯ್ರೆ. ಆಮೇಲೆ ನೋಡುವ.”

“ಆಮೇಲೆ ಇರುದಿಲ್ಲ. ಈಗಲೇ ಬನ್ನಿ.”

ಗೊಣಗುತ್ತಾ ಹತ್ತಿ ಬಂದರು. ಪರದೆಯತ್ತ ಬಗ್ಗಿದ್ದರಷ್ಟೆ, ಬೆನ್ನ ಹಿಂದೆ ದೊಡ್ಡ ಸದ್ದಾಯಿತು. ಬಿಚ್ಚಿದ ಪೈಪಿನಿಂದ ನುಗ್ಗಿದ ನೀರು ನೋಡುನೋಡುತ್ತಲೇ ಗುಂಡಿ ತುಂಬಿ ರಸ್ತೆಗೆ ಹರಿಯಿತು. ಅವರು ಕೂತಿದ್ದ ಹಲಗೆ ಅದರಲ್ಲಿ ತೇಲಿ ಬಂತು.

ನಾನು ಅವರ ತೋಳು ಹಿಡಿದುಕೊಂಡು ಅಲ್ಲೇ ಕೂತುಬಿಟ್ಟೆ. ಮನುಷ್ಯ ಉಳಿದರಲ್ಲ ಎಂಬ ಸಮಾಧಾನಕ್ಕೆ ಅಳುವೇ ಬಂತು. ಅವರೋ ಗ್ರೀಸಿನ ಕೈಯಲ್ಲೇ ಹೆಂಡತಿಗೆ ಫೋನ್ ಮಾಡಿ, ಊಟಕ್ಕೆ ಎಂತ ಪದಾರ್ಥ ಎಂದು ಕೇಳಿದರು. ಎಂದೂ ಇಲ್ಲದ್ದು ಇವತ್ತೇಕೆ ಎಂದು ಆಕೆ ಗದರಿದ್ದು ನನಗೂ ಕೇಳಿಸಿತು.

ಮೇಲಿನ ವಾಲ್ವಿನ ಒಳಗೆ ನೀರು ತಡೆಯುವ ತಟ್ಟೆ ತುಂಡಾಗಿತ್ತು ಎಂದು ಆಮೇಲೆ ಗೊತ್ತಾಯಿತು. ನೀರು ನುಗ್ಗಿದ್ದಕ್ಕೆ ಕಾರಣ ಸಿಕ್ಕಿತು. ಮೀಟರನ್ನು ಪರೀಕ್ಷಿಸಿದವರು ಮಾತ್ರ ದೋಷವೇನೂ ಇಲ್ಲ, ಒಮ್ಮೊಮ್ಮೆ ಸುಮ್ಮನೆ ಅಂಕೆ ಬರಬಹುದು ಎಂದರು. ಬರಲಿ. ಆದರೆ ನೀರಿಗಿಂತ ಮೊದಲೇ, ಆ ಮೈನಸ್ ಗುರುತಿನೊಂದಿಗೆ ಯಾಕೆ? ದೈವವೇ ಕರೆದದ್ದು ಎನ್ನುತ್ತಾರೆ ಮೋನಪ್ಪಣ್ಣ. ಕರೆದದ್ದು ನಾನು, ಅದೂ ತಮಾಷೆಗೆ.

ಈಗ ಯಾರೇ ಗುಂಡಿಗಿಳಿಯುವ ಮೊದಲು, ಸೆನ್ಸರುಗಳು ಪೆಟ್ಟಿಗೆಯಲ್ಲಿರುವಾಗಲೇ ನಾನು ಮೀಟರ್ ಆನ್ ಮಾಡುತ್ತೇನೆ. ಹೊಸಬರು ನಗುತ್ತಾರೆ. ಮೋನಪ್ಪಣ್ಣ ನಗುವುದಿಲ್ಲ. ಏಣಿಯ ಮೇಲೆ ಒಂದು ಕಾಲಿಟ್ಟು, ನಾನು ‘ಸಿಗ್ನಲ್ ಇಲ್ಲ’ ಎಂದು ಓದಿ ಹೇಳುವವರೆಗೆ ಕಾಯುತ್ತಾರೆ.